ಕಾನ್ಫರೆನ್ಸಿಗೆ ಮಂಗಳೂರಿಗೆ ಹೊರಟಿದ್ದೀರಾ? ಹಸಿವು ಉಳಿಸಿಕೊಳ್ಳಿ

ಪ್ರಶ್ನೆ: ನಾನು ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನವೆಂಬರ್‌ನಲ್ಲಿ ಮೂರು ದಿನದ ಕಾನ್ಫರೆನ್ಸಿಗೆ ಮಂಗಳೂರಿಗೆ ಹೋಗಬೇಕು. ಉಳಿದುಕೊಳ್ಳುವುದು ಹಂಪನಕಟ್ಟೆ ಹತ್ತಿರ. ಎರಡನೇ ದಿನ ಬೆಳಿಗ್ಗೆ ನನ್ನ ಪೇಪರ್ ಇದೆ. ಮೂರನೇ ದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿದು, ರಾತ್ರಿ ಬಸ್ಸಿಗೆ ವಾಪಸ್. ಹಿಂದೆ ಇಂಥ ಕಡೆ ಹೋದಾಗೆಲ್ಲ ಹಾಲ್‌ನಲ್ಲೇ ಉಂಡು ಬಂದಿದ್ದೇನೆ. ಆ ಊರಿನ ರುಚಿ ಏನೂ ಗೊತ್ತಾಗಿಲ್ಲ. ಈ ಸಲ ಹಾಗಾಗಬಾರದು. ಆದರೆ ಒಂದು ಭಯ ಇದೆ. ಎರಡು ವರ್ಷದ ಹಿಂದೆ ಪ್ರವಾಸದಲ್ಲಿ ಒಂದು ಹೋಟೆಲಿನಲ್ಲಿ ಬಂಗುಡೆ ಫ್ರೈ ತಿಂದೆ. ಅರ್ಧ ಗಂಟೆಯಲ್ಲಿ ಮುಖ, ಕುತ್ತಿಗೆ ಕೆಂಪಾಗಿ, ತಲೆ ಸಿಡಿದು, ಮೈ ತುರಿಸಿತು. ನನಗೆ ಮೀನಿನ ಅಲರ್ಜಿ ಅಂತ ಮನೆಯವರು ತೀರ್ಮಾನ ಮಾಡಿಬಿಟ್ಟರು. ಅವತ್ತಿನಿಂದ ಮೀನು ಮುಟ್ಟಿಲ್ಲ. ಜೊತೆಗೆ ಬರುವ ಸಹೋದ್ಯೋಗಿ ಸಸ್ಯಾಹಾರಿ. ಏನು ತಿನ್ನಲಿ, ಯಾವಾಗ ತಿನ್ನಲಿ, ಪೇಪರ್ ದಿನ ಹೊಟ್ಟೆ ಕೆಡದ ಹಾಗೆ ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು. ನಾನು ಆಹಾರ ತಜ್ಞೆ. ಹದಿನೆಂಟು ವರ್ಷ ಮಂಗಳೂರಿನಲ್ಲೇ ಕೆಲಸ ಮಾಡಿದ್ದೇನೆ. ಹೊರಗಿನಿಂದ ಕಾನ್ಫರೆನ್ಸಿಗೆ ಬಂದವರು ಮೂರು ದಿನ ಪನೀರ್ ಬಟರ್ ಮಸಾಲ, ನಾನ್, ಗೋಬಿ ಮಂಚೂರಿ, ಗುಲಾಬ್ ಜಾಮೂನು ತಿಂದು ಬಸ್ ಹತ್ತುವುದನ್ನು ನೋಡಿ ನೋಡಿ ಬೇಜಾರಾಗಿದೆ. ಅವರಿಗೆ ಊರಿನ ಊಟ ಬೇಡವಾಗಿತ್ತು ಅಂತಲ್ಲ. ಹೊರಗೆ ಹೋಗುವ ಹೊತ್ತಿಗೆ ಅವರಿಗೆ ಹಸಿವೇ ಇರುತ್ತಿರಲಿಲ್ಲ.

ಹಾಗಾಗಿ ಹೋಟೆಲಿನ ಹೆಸರಿಗಿಂತ ಮೊದಲು ಹಸಿವಿನ ಲೆಕ್ಕ ಹಾಕೋಣ. ಮೂರು ದಿನ ಅಂದರೆ ಮೂರು ತಿಂಡಿ, ಮೂರು ಮಧ್ಯಾಹ್ನದ ಊಟ, ಮೂರು ಸಂಜೆ ಕಾಫಿ, ಮೂರು ರಾತ್ರಿ ಊಟ. ಒಟ್ಟು ಹನ್ನೆರಡು. ಇದರಲ್ಲಿ ಮೊದಲ ಎರಡು ಮಧ್ಯಾಹ್ನ ಹಾಲ್‌ಗೆ ಹೋಯಿತು. ಅಲ್ಲಿಂದ ಹೊರಗೆ ಬಂದು ತಿಂದು ಹೋಗಲು ಸಮಯ ಇರುವುದಿಲ್ಲ, ಪ್ರಯತ್ನವೂ ಬೇಡ. ಎರಡನೇ ದಿನ ರಾತ್ರಿ ಸಾಮಾನ್ಯವಾಗಿ ದೊಡ್ಡ ಡಿನ್ನರ್ ಇಟ್ಟಿರುತ್ತಾರೆ, ಆದರೆ ಅಲ್ಲಿ ತಿನ್ನದೆ ಆ ಹಸಿವು ಉಳಿಸಿಕೊಳ್ಳಬಹುದು. ಮೂರನೇ ರಾತ್ರಿ ಬಸ್ಸು. ಉಳಿದವು ಒಂಬತ್ತು. ಆ ಒಂಬತ್ತೂ ಮಂಗಳೂರಿನದಾಗಬೇಕು.

ಕಳೆದುಹೋಗುವುದು ಎಲ್ಲಿ ಅಂತ ಹೇಳಲಾ? ಲಾಡ್ಜಿನವರು ರೂಮಿನ ಜೊತೆ ಕೊಡುವ ಪುಕ್ಕಟೆ ತಿಂಡಿ ಒಂದು. ಹನ್ನೊಂದು ಗಂಟೆಗೆ ಚಹಾದ ಜೊತೆ ಬರುವ ಬಿಸ್ಕೆಟ್, ಸಮೋಸ ಇನ್ನೊಂದು. ದುಡ್ಡು ಕೊಟ್ಟಾಗಿದೆ, ಯಾಕೆ ಬಿಡೋದು ಅಂತ ತಿಂದುಬಿಡುತ್ತೇವೆ. ಈ ಸಲ ಬಿಡಿ. ಹಾಲ್‌ನ ಮಧ್ಯಾಹ್ನದ ಊಟದಲ್ಲಿ ಸ್ವಲ್ಪ ಅನ್ನ, ತಿಳಿಸಾರು, ಮೊಸರು ಸಾಕು. ಒಂದು ಮಾತು ಮಾತ್ರ ನೆನಪಿರಲಿ. ಮಂಗಳೂರಿನ ಅಡುಗೆ ಗುತ್ತಿಗೆಯವರು ಕೆಲವೊಮ್ಮೆ ಮೂಲೆಯಲ್ಲಿ ಕಾವಲಿ ಇಟ್ಟು ನೀರುದೋಸೆ ಹುಯ್ದು ಕೊಡುತ್ತಾರೆ. ಕಾವಲಿಯಿಂದ ನೇರ ತಟ್ಟೆಗೆ ಬೀಳುತ್ತಿದ್ದರೆ ಉದ್ದದ ಮೇಜು ಬಿಟ್ಟು ಅಲ್ಲಿ ನಿಂತುಕೊಳ್ಳಿ. ಅದು ಊರಿನದೇ ಊಟ.

ಈಗ ನಿಮ್ಮ ಭಯದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಮೀನು ತಿನ್ನಬಹುದಾ ಬೇಡವಾ ಅನ್ನುವುದು ಇದರ ಮೇಲೆ ನಿಂತಿದೆ.

ಬಂಗುಡೆ, ಬೂತಾಯಿ, ಅಂಜಲ್ ಈ ಜಾತಿಯ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಹಿಡಿದ ಮೀನನ್ನು ಕೂಡಲೇ ಐಸ್‌ಗೆ ಹಾಕದೆ ಬಿಸಿಲಿನಲ್ಲಿ, ಸೆಕೆಯಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾಡುತ್ತವೆ. ನಿಜವಾದ ಅಲರ್ಜಿಯಲ್ಲಿ ನಮ್ಮ ದೇಹ ತಾನೇ ಬಿಡುಗಡೆ ಮಾಡುವುದೂ ಇದೇ ಹಿಸ್ಟಮಿನ್. ಹಾಗಾಗಿ ಕೆಟ್ಟ ಬಂಗುಡೆ ತಿಂದವರಿಗೂ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ, ಕೆಲವರಿಗೆ ವಾಂತಿ, ಭೇದಿ ಆಗುತ್ತದೆ. ಹೆಚ್ಚಾಗಿ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ಶುರುವಾಗಿ, ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಇದು ಅಲರ್ಜಿ ಅಲ್ಲ, ಒಂದು ಬಗೆಯ ವಿಷಾಹಾರ. ಮೀನು ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು. ಕರಿದರೂ, ಕುದಿಸಿದರೂ ಒಮ್ಮೆ ಹುಟ್ಟಿದ ಹಿಸ್ಟಮಿನ್ ಹೋಗುವುದಿಲ್ಲ. ಮಸಾಲೆ ಬಲವಾಗಿದ್ದರೆ ನಾಲಿಗೆಗೂ ಗೊತ್ತಾಗುವುದಿಲ್ಲ. ಕೆಲವರಿಗೆ ಮಾತ್ರ ಕಾಳುಮೆಣಸು ಕಚ್ಚಿದ ಹಾಗೆ ನಾಲಿಗೆ ಚುರುಚುರು ಅನ್ನುತ್ತದೆ.

ನಿಮಗೆ ಆದದ್ದು ಇದೇನಾ? ಇರಬಹುದು. ಆದರೆ ಒಂದು ಪತ್ರ ಓದಿ ನಾನು ಹಾಗೆ ಹೇಳಿಬಿಟ್ಟರೆ ತಪ್ಪಾಗುತ್ತದೆ. ನೀವೇ ನೆನಪು ಮಾಡಿಕೊಳ್ಳಿ. ಅದಕ್ಕೂ ಮೊದಲು ಬಂಗುಡೆ ತಿಂದು ಏನೂ ಆಗದೆ ಇದ್ದದ್ದುಂಟಾ? ಅವತ್ತು ಅದೇ ಮೀನು ತಿಂದ ಬೇರೆಯವರಿಗೂ ಹೀಗಾಯಿತಾ? ಈ ಎರಡು ಉತ್ತರ ಬರೆದುಕೊಂಡು ನವೆಂಬರ್‌ಗೆ ಮೊದಲೇ ಅಲರ್ಜಿ ನೋಡುವ ಡಾಕ್ಟರ ಹತ್ತಿರ ಹೋಗಿ. ರಾಣೆಬೆನ್ನೂರಿನಲ್ಲಿ ಸಿಗದಿದ್ದರೆ ದಾವಣಗೆರೆ ದೂರವಲ್ಲ. ಅವರು ಕೇಳಿ, ಬೇಕಾದರೆ ಪರೀಕ್ಷೆ ಮಾಡಿ ಹೇಳುತ್ತಾರೆ. ಅವರು ಸರಿ ಅನ್ನುವ ತನಕ ಯಾವ ಮೀನೂ ಬೇಡ. ಬಂಗುಡೆ ಬಿಟ್ಟು ಕಾಣೆ ಮೀನು ತಿಂದರೆ ಆಯ್ತು ಅಂದುಕೊಳ್ಳಬೇಡಿ. ನಿಜವಾದ ಅಲರ್ಜಿಯಾದರೆ ಒಂದು ಮೀನಿಗೆ ಆಗುವುದು ಇನ್ನೊಂದಕ್ಕೂ ಆಗಬಹುದು. ಮಂಗಳೂರಿನಲ್ಲಿ ಪರೀಕ್ಷೆಗೆ ಅಂತ ಒಂದು ತುಂಡು ತಿಂದು ನೋಡುವುದಂತೂ ಬೇಡವೇ ಬೇಡ. ಯಾವತ್ತಾದರೂ ಉಸಿರು ಕಟ್ಟಿದ ಹಾಗೆ, ಗಂಟಲು, ತುಟಿ ಊದಿಕೊಂಡ ಹಾಗೆ ಆದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಡಾಕ್ಟರು ಬೇಡ ಅಂದರೂ ಬೇಸರ ಮಾಡಿಕೊಳ್ಳಬೇಡಿ. ಮಂಗಳೂರು ಅಂದರೆ ಮೀನು ಮಾತ್ರ ಅಲ್ಲ. ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಮೀನಿಲ್ಲದ್ದೇ.

ಮೊದಲನೇ ಬೆಳಿಗ್ಗೆ ನೀವು ರಾತ್ರಿ ಬಸ್ಸಿನಿಂದ ಇಳಿದಿರುತ್ತೀರಿ. ಘಾಟಿ ತಿರುವಿನಲ್ಲಿ ಹೊಟ್ಟೆ ಕಲಕಿರುತ್ತದೆ. ಅವತ್ತಿಗೆ ನೀರುದೋಸೆಗಿಂತ ಒಳ್ಳೆಯದು ಇಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರಿನಷ್ಟೇ ತೆಳ್ಳಗೆ ಮಾಡಿ ಹುಯ್ಯುತ್ತಾರೆ. ಉದ್ದು ಇಲ್ಲ, ಹುಳಿ ಬರಿಸುವುದಿಲ್ಲ, ಎಣ್ಣೆ ಕಾವಲಿಗೆ ಸವರುವಷ್ಟು. ಮಗುಚಿ ಹಾಕುವುದೂ ಇಲ್ಲ. ಮುಚ್ಚಳ ಮುಚ್ಚಿ, ಹಬೆಯಲ್ಲಿ ಬೆಂದದ್ದನ್ನು ಕರವಸ್ತ್ರದ ಹಾಗೆ ಮಡಚಿ ತಟ್ಟೆಗೆ ಹಾಕುತ್ತಾರೆ. ಕಾಯಿತುರಿಗೆ ಬೆಲ್ಲ ಕಲಸಿದ ಕಾಯಿಬೆಲ್ಲ ಕೇಳಿ ಹಾಕಿಸಿಕೊಳ್ಳಿ. ಚಟ್ನಿಯ ಜೊತೆಗಿಂತ ಅದರ ಜೊತೆ ಚೆನ್ನ. ಆರಿದರೆ ಒಂದಕ್ಕೊಂದು ಅಂಟಿಕೊಂಡು ರಬ್ಬರ್ ಆಗುತ್ತದೆ. ಬಿಸಿ ಇದ್ದಾಗಲೇ ತಿನ್ನಬೇಕು, ಮತ್ತೆ ಎರಡು ಬೇಕಾದರೆ ಆಮೇಲೆ ಹೇಳಬೇಕು.

ಪಕ್ಕದ ಮೇಜಿನವರು ಸಜ್ಜಿಗೆ ಬಜಿಲ್ ಅಂತ ಹೇಳಿದ್ದು ಕೇಳಿಸೀತು. ನಮ್ಮ ಕಡೆ ಸಜ್ಜಿಗೆ ಅಂದರೆ ಸಿಹಿ, ಅಲ್ವಾ? ಇಲ್ಲಿ ಸಜ್ಜಿಗೆ ಅಂದರೆ ಉಪ್ಪಿಟ್ಟು. ಬಜಿಲ್ ಅಂದರೆ ತುಳುವಿನಲ್ಲಿ ಅವಲಕ್ಕಿ. ಬಿಸಿ ಉಪ್ಪಿಟ್ಟಿನ ಜೊತೆ ಖಾರ ಅವಲಕ್ಕಿ ಬೆರೆಸಿ ತಿನ್ನುವುದು. ಮೆತ್ತಗಿನದೂ ಒಣದೂ ಒಟ್ಟಿಗೆ ಬಾಯಿಗೆ ಬರುತ್ತದೆ. ನಿಮ್ಮ ಸಹೋದ್ಯೋಗಿಗೆ ಇದು ಖಂಡಿತ ಹಿಡಿಸುತ್ತದೆ. ಹಾಗೇ ಇನ್ನೊಂದು ಮಾತು. ರಸ್ತೆ ಬದಿಯಲ್ಲಿ ಬೊಂಡ ಬೇಕಾ ಅಂತ ಕೇಳಿದರೆ ಕರಿದದ್ದು ಅಂದುಕೊಳ್ಳಬೇಡಿ, ಅದು ಎಳನೀರು. ನವೆಂಬರ್‌ನಲ್ಲೂ ಮಂಗಳೂರಿನಲ್ಲಿ ಬೆವರು ಹರಿಯುತ್ತದೆ. ನಿಮ್ಮೂರಿನ ಒಣ ಹವೆಯಿಂದ ಬಂದವರಿಗೆ ಇದು ಜಾಸ್ತಿ ಸುಸ್ತು ಮಾಡುತ್ತದೆ. ದಿನಕ್ಕೊಂದು ಬೊಂಡ ಕುಡಿಯಿರಿ.

ಎರಡನೇ ಬೆಳಿಗ್ಗೆ ಪೇಪರ್. ಅವತ್ತು ಮೂಡೆ. ಇಡ್ಲಿಯಂಥದೇ ಹಿಟ್ಟನ್ನು ಮುಳ್ಳು ತೆಗೆದ ಕೇದಗೆ ಜಾತಿಯ ಎಲೆಯ ಕೊಳವೆಯಲ್ಲಿ ಹುಯ್ದು ಬೇಯಿಸುತ್ತಾರೆ. ಅದೇ ಹಿಟ್ಟನ್ನು ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದರೆ ಕೊಟ್ಟೆ ಕಡುಬು. ಎಲೆ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುವಾಗ ಬರುವ ಘಮ ಇಡ್ಲಿ ತಟ್ಟೆಯಲ್ಲಿ ಎಂದೂ ಸಿಗದು. ಹೊಟ್ಟೆಗೆ ಹಗುರ, ಹನ್ನೊಂದರ ತನಕ ಹಸಿವಾಗುವುದಿಲ್ಲ. ಎಲ್ಲ ಹೋಟೆಲಿನಲ್ಲೂ ದಿನಾ ಇರುವುದಿಲ್ಲ. ಹಿಂದಿನ ಸಂಜೆಯೇ ಒಂದು ಮಾತು ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಇಡ್ಲಿ ಸಾಕು. ಬನ್ಸ್ ಅವತ್ತು ಬೇಡ.

ಬನ್ಸ್ ಮೂರನೇ ಬೆಳಿಗ್ಗೆಗೆ. ಬೇಕರಿಯ ಬನ್ನಿಗೂ ಇದಕ್ಕೂ ಸಂಬಂಧವಿಲ್ಲ. ಕಳಿತ ಬಾಳೆಹಣ್ಣು ಕಿವುಚಿ, ಮೊಸರು, ಸಕ್ಕರೆ, ಜೀರಿಗೆ ಹಾಕಿ ಮೈದಾ ಕಲಸಿ ರಾತ್ರಿ ಇಟ್ಟು, ಬೆಳಿಗ್ಗೆ ದಪ್ಪ ಪೂರಿಯ ಹಾಗೆ ಕರಿಯುವುದು. ಹೊರಗೆ ಕಂದು, ಒಳಗೆ ಸ್ಪಂಜು. ಸಣ್ಣಗೆ ಸಿಹಿ ಇರುತ್ತದೆ, ಅದನ್ನು ಖಾರದ ಚಟ್ನಿ ಸಾಂಬಾರಿಗೆ ಅದ್ದಬೇಕು. ಕೊಡಿಯಾಲ್‌ಬೈಲ್‌ನ ನ್ಯೂ ತಾಜ್ ಮಹಲ್ ಕೆಫೆ ಇಂಥ ತಿಂಡಿಗೆ ಹೆಸರಾದ ಜಾಗ, ಹಂಪನಕಟ್ಟೆಯಿಂದ ದೂರವೂ ಅಲ್ಲ. ಒಂದು ಬನ್ಸ್ ಸಾಕು. ಎರಡು ತಿಂದರೆ ಮಧ್ಯಾಹ್ನದ ಹಸಿವು ಹೋಯಿತು. ಆ ಮಧ್ಯಾಹ್ನ ನಮಗೆ ಬಹಳ ಮುಖ್ಯ.

ಚಟ್ನಿ ಬಗ್ಗೆ ಒಂದು ಎಚ್ಚರ. ಕರಾವಳಿಯ ಕಾಯಿ ಚಟ್ನಿ ಬೇಯಿಸದ ಪದಾರ್ಥ, ನೀರಿನಂಶ ಜಾಸ್ತಿ. ಈ ಸೆಕೆಗೆ ಬೇಗ ಹಳಸುತ್ತದೆ. ಬೆಳಿಗ್ಗೆ ರುಬ್ಬಿದ್ದನ್ನು ಬೆಳಿಗ್ಗೆಯೇ ಧೈರ್ಯವಾಗಿ ತಿನ್ನಿ. ಮಧ್ಯಾಹ್ನ ಎರಡು ಗಂಟೆಗೆ ತಂದಿಟ್ಟ ಚಟ್ನಿಯನ್ನು ಮೊದಲು ಮೂಸಿ ನೋಡಿ. ಸ್ವಲ್ಪ ಹುಳಿ ವಾಸನೆ ಬಂದರೂ ಪಕ್ಕಕ್ಕಿಡಿ. ಊರು ಬಿಟ್ಟು ಹೋದಾಗ ಹೊಟ್ಟೆ ಕೆಟ್ಟರೆ ಜನ ಮೀನನ್ನೋ ಖಾರವನ್ನೋ ಬೈಯುತ್ತಾರೆ. ನನ್ನ ಹತ್ತಿರ ಬಂದವರನ್ನು ಕೂರಿಸಿಕೊಂಡು ಕೇಳಿದಾಗ ಎಷ್ಟೋ ಸಲ ಕೊನೆಗೆ ಸಿಕ್ಕಿದ್ದು ಹಳಸಿದ ಚಟ್ನಿ, ಇಲ್ಲವೇ ಕುದಿಸದ ನೀರು. ನೀರು ಎಲ್ಲಿ ಹೋದರೂ ಬಿಸಿನೀರೇ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ.

ಸಂಜೆಯದು ಗೋಳಿಬಜೆ. ಬೇರೆ ಊರುಗಳಲ್ಲಿ ಮಂಗಳೂರು ಬಜ್ಜಿ ಅಂತ ಮಾರುವುದು ಇದನ್ನೇ. ಮೈದಾಕ್ಕೆ ಹುಳಿ ಮೊಸರು, ಶುಂಠಿ, ಹಸಿಮೆಣಸು, ಕಾಯಿಚೂರು ಹಾಕಿ, ಕೈಯಿಂದಲೇ ಎಣ್ಣೆಗೆ ಬಿಡುತ್ತಾರೆ. ಚೆನ್ನಾಗಿ ಆದದ್ದನ್ನು ಮುರಿದರೆ ಒಳಗೆ ಜೇನುಗೂಡಿನ ಹಾಗೆ ತೂತು ತೂತಾಗಿರುತ್ತದೆ. ಹಿಟ್ಟು ಅಂಟಂಟಾಗಿ ಗಟ್ಟಿ ಇದ್ದರೆ ಅದು ಆರಿದ್ದು ಅಥವಾ ಹಿಟ್ಟು ಸರಿಯಾಗಿ ಹುಳಿ ಬರದೆ ಕರಿದದ್ದು. ಮೊದಲನೇ ದಿನ ನಾಲ್ಕು ಗಂಟೆಯ ಚಹಾಕ್ಕೆ ಹಾಲ್‌ನ ಸಮೋಸ ಬಿಟ್ಟು, ಸೆಷನ್ ಮುಗಿದ ಕೂಡಲೇ ಇಬ್ಬರೂ ಹೋಗಿ ಒಂದು ಪ್ಲೇಟ್ ಹಂಚಿಕೊಳ್ಳಿ. ಮೈದಾ, ಎಣ್ಣೆ ಎರಡೂ ಇರುವುದರಿಂದ ರಾತ್ರಿಗೆ ದೊಡ್ಡ ಊಟ ಬೇಡ. ಕುಚ್ಚಲಕ್ಕಿ ಗಂಜಿ ಸಿಕ್ಕರೆ ಅದು, ಉಪ್ಪಿನಕಾಯಿ, ಒಂದು ಪಲ್ಯ. ಮರುದಿನ ಪೇಪರ್ ಇರುವವರಿಗೆ ಅದು ಸರಿಯಾದ ರಾತ್ರಿ ಊಟ. ನಿದ್ದೆಯೂ ಚೆನ್ನಾಗಿ ಬರುತ್ತದೆ.

ಕುಚ್ಚಲಕ್ಕಿ ನಿಮಗೆ ಹೊಸದು. ಭತ್ತವನ್ನೇ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿಸಿದ ಅಕ್ಕಿ. ಕಾಳು ದಪ್ಪ, ಬಣ್ಣ ಕೆಂಪು. ಊಟಕ್ಕೆ ಕೂತಾಗ ಬಡಿಸುವವರು ಬೆಳ್ತಿಗೆಯಾ, ಕುಚ್ಚಲಾ ಅಂತ ಕೇಳುತ್ತಾರೆ. ಬೆಳ್ತಿಗೆ ಅಂದರೆ ನಮ್ಮ ಬಿಳಿ ಅನ್ನ. ನೀವು ಕುಚ್ಚಲು ಅನ್ನಿ. ಮೊದಲ ತುತ್ತಿಗೆ ಇನ್ನೂ ಬೆಂದಿಲ್ಲವೇನೋ ಅನ್ನಿಸುತ್ತದೆ, ಅಗಿದು ತಿನ್ನಬೇಕು. ಜೋಳದ ರೊಟ್ಟಿ ಅಗಿದು ಬೆಳೆದ ನಿಮಗೆ ಅದೇನು ಕಷ್ಟ ಅಲ್ಲ. ಹೊಟ್ಟೆಗೆ ಹೊಸದಾಗಿ ಸೇರುವುದು ತೆಂಗು. ನೀವು ಶೇಂಗಾ ಎಣ್ಣೆ, ಶೇಂಗಾ ಚಟ್ನಿಪುಡಿಯವರು. ಇಲ್ಲಿ ಒಗ್ಗರಣೆಗೂ ತೆಂಗಿನೆಣ್ಣೆ, ಗಸಿಗೂ, ಅಂದರೆ ದಪ್ಪ ಸಾರಿಗೂ, ಕಾಯಿ. ಕೆಟ್ಟದ್ದು ಅಂತಲ್ಲ. ಮೊದಲ ದಿನವೇ ಮೂರು ಹೊತ್ತೂ ಕಾಯಿ ಅರೆದದ್ದು ತಿಂದರೆ ಹೊಟ್ಟೆ ಭಾರ ಅನ್ನಿಸುತ್ತದೆ, ಅಷ್ಟೇ. ಅದಕ್ಕೇ ಮೊದಲ ದಿನ ಹಗುರ ಇಟ್ಟಿದ್ದೇನೆ.

ಎರಡನೇ ದಿನ ಸಂಜೆ ಪೇಪರ್ ಮುಗಿದು ಮನಸ್ಸು ನಿರಾಳ ಆಗಿರುತ್ತದೆ. ರಾತ್ರಿ ಡಿನ್ನರಿಗೆ ಹೋಗಿ. ಹೋಗದೆ ಇರಬೇಡಿ, ಜನ ಸಿಗುವುದೇ ಅಲ್ಲಿ. ಕೈಯಲ್ಲಿ ಒಂದು ಲೋಟ ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ, ಶರಬತ್ತು ಹಿಡಿದುಕೊಂಡು ಒಂದು ಗಂಟೆ ಎಲ್ಲರ ಹತ್ತಿರ ಮಾತಾಡಿ, ಎಂಟರ ಹೊತ್ತಿಗೆ ಹೊರಟುಬಿಡಿ. ಆ ರಾತ್ರಿ ಕೋರಿ ರೊಟ್ಟಿ.

ಕೋರಿ ಅಂದರೆ ತುಳುವಿನಲ್ಲಿ ಕೋಳಿ. ರೊಟ್ಟಿ ಅಂದರೆ ನಿಮ್ಮ ಖಡಕ್ ರೊಟ್ಟಿಯ ದೂರದ ನೆಂಟ. ಅಕ್ಕಿಯದು, ಕಾಗದದಷ್ಟು ತೆಳ್ಳಗೆ, ಹಪ್ಪಳದ ಹಾಗೆ ಮುರಿಯುತ್ತದೆ. ತಟ್ಟೆಯಲ್ಲಿ ರೊಟ್ಟಿ ಮುರಿದು ಹಾಕಿ, ಮೇಲೆ ತೆಂಗಿನ ಹಾಲಿನ ಕೋಳಿ ಸಾರನ್ನು ಬಿಸಿಬಿಸಿ ಹುಯ್ಯುತ್ತಾರೆ. ಇಲ್ಲೊಂದು ಗುಟ್ಟಿದೆ. ಎಲ್ಲ ರೊಟ್ಟಿಯನ್ನೂ ಒಂದೇ ಸಲ ಮುರಿದು ಹಾಕಬೇಡಿ. ಮೊದಲು ಎರಡು ರೊಟ್ಟಿ. ಸಾರು ಬಿದ್ದ ಕೂಡಲೇ ಚರಚರ ಸದ್ದು ಕೇಳುತ್ತದೆ. ಕೆಳಗಿನ ಪದರ ಮೆತ್ತಗಾಗುತ್ತದೆ, ಮೇಲಿನದು ಇನ್ನೂ ಗರಿಗರಿ. ಆ ಒಂದೆರಡು ನಿಮಿಷದಲ್ಲಿ ಕೈಯಿಂದ ಕಲಸಿ ತಿನ್ನಬೇಕು. ಸ್ಪೂನ್ ಬೇಡ. ಅದು ಮುಗಿದ ಮೇಲೆ ಮತ್ತೊಂದು ಮುರಿಯಿರಿ, ಮತ್ತೆ ಸಾರು ಹಾಕಿಸಿಕೊಳ್ಳಿ. ಫೋಟೋ ತೆಗೆಯುತ್ತಾ ಕೂತರೆ ಎಲ್ಲ ಗಂಜಿಯಾಗಿಬಿಡುತ್ತದೆ.

ಆ ಸಾರಿನ ಕೆಂಪು ನೋಡಿ ಹೆದರಬೇಡಿ. ಅದು ನಿಮ್ಮ ಜಿಲ್ಲೆಯ ಕೆಂಪು. ಮಂಗಳೂರಿನ ಗಸಿ, ಸುಕ್ಕ, ಕುಂದಾಪುರದ ಘೀ ರೋಸ್ಟ್ ಎಲ್ಲದಕ್ಕೂ ಬೇಕಾದದ್ದು ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಜಾಸ್ತಿ, ಖಾರ ಕಡಿಮೆ, ಸುಕ್ಕು ಸುಕ್ಕಾದ ಸಿಪ್ಪೆ. ನಿಮಗೆ ನಾನು ಹೇಳಬೇಕಾ! 2011ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನ ವಿಶೇಷ ಬೆಳೆ ಅನ್ನುವ ಮಾನ್ಯತೆಯೂ ಸಿಕ್ಕಿದೆ. ಖಾರಕ್ಕೆ ಬೇರೆ ಮೆಣಸು ಒಂದೆರಡು ಸೇರಿಸುತ್ತಾರೆ, ಆದರೆ ಬಣ್ಣ ಬ್ಯಾಡಗಿಯದೇ. ನಿಮ್ಮ ಮನೆಯ ಹತ್ತಿರದ ಮಾರ್ಕೆಟ್ಟಿನ ಕಾಯಿ ಘಾಟಿ ಇಳಿದು ಸಮುದ್ರದ ದಡದಲ್ಲಿ ಏನಾಗಿದೆ ಅಂತ ಆ ತಟ್ಟೆಯಲ್ಲಿ ನೋಡಬಹುದು. ನನಗೆ ಕೋರಿ ರೊಟ್ಟಿಯಲ್ಲಿ ಬಹಳ ಇಷ್ಟವಾದ ವಿಷಯ ಇದು.

ನಿಮ್ಮ ಸಹೋದ್ಯೋಗಿ ಆ ರಾತ್ರಿ ಬೇಕಾದರೆ ಡಿನ್ನರಿನಲ್ಲೇ ಊಟ ಮುಗಿಸಲಿ, ಇಲ್ಲವೇ ಸಸ್ಯಾಹಾರಿ ಹೋಟೆಲಿನಲ್ಲಿ ತುಪ್ಪದೋಸೆ ತಿನ್ನಲಿ. ಅಂಥ ಹೋಟೆಲಿಗೆ ಮಂಗಳೂರಿನಲ್ಲಿ ಬರವಿಲ್ಲ. ಬಸಳೆ, ತೊಂಡೆಕಾಯಿ ಕಡಲೆ ಪಲ್ಯ, ಪುನರ್ಪುಳಿ ಸಾರು, ದಾಳಿತೋಯ್ ಸಿಕ್ಕಿದರೆ ಬಿಡಬಾರದು ಅಂತ ಅವರಿಗೆ ಹೇಳಿ. ದಾಳಿತೋಯ್ ಕೊಂಕಣಿಯವರ ಬೇಳೆ ಸಾರು, ಇಂಗಿನ ಒಗ್ಗರಣೆಯದು. ಕೆಸುವಿನ ಎಲೆಗೆ ಹಿಟ್ಟು ಸವರಿ ಬೇಯಿಸಿದ ಪತ್ರೊಡೆ ಮಳೆಗಾಲದ್ದು, ಎಲೆ ಎಳೆಯದಾಗಿದ್ದಾಗ ಚೆನ್ನ. ನವೆಂಬರ್‌ನಲ್ಲಿ ಕೆಲವು ಕಡೆ ಸಿಗಬಹುದು. ತಿಂದಾಗ ಗಂಟಲು ಕೆರೆದರೆ ಹುಣಸೆಹುಳಿ ಕಡಿಮೆ ಹಾಕಿದ್ದಾರೆ ಅಂತ ಅರ್ಥ. ಆಮೇಲೆ ಇಬ್ಬರೂ ಲಾಲ್‌ಬಾಗ್‌ನ ಪಬ್ಬಾಸ್‌ನಲ್ಲಿ ಸೇರಿ. 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಮಿನವರದೇ ಅದು. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಂ, ಜೆಲ್ಲಿ, ಹಣ್ಣು, ಗೋಡಂಬಿ ಪದರ ಪದರವಾಗಿ ಹಾಕಿದ ಗಡ್‌ಬಡ್ ಒಂದನ್ನು ತರಿಸಿ ಎರಡು ಸ್ಪೂನ್ ಕೇಳಿ. ರಾತ್ರಿ ಹೊತ್ತು ಜನ ಕಾದು ನಿಂತಿರುತ್ತಾರೆ, ಅದಕ್ಕೆ ಸ್ವಲ್ಪ ಸಮಯ ಇಟ್ಟುಕೊಳ್ಳಿ.

ಇನ್ನು ಮೂರನೇ ದಿನದ ಮಧ್ಯಾಹ್ನ, ಮೀನೂಟ. ಡಾಕ್ಟರು ಒಪ್ಪಿದ್ದರೆ ಮಾತ್ರ.

ಮೀನನ್ನು ಮಧ್ಯಾಹ್ನಕ್ಕೇ ಯಾಕೆ ಇಟ್ಟೆ ಅಂದರೆ, ಇಲ್ಲಿ ಮೀನು ಮಧ್ಯಾಹ್ನದ ಊಟ. ಬೆಳಿಗ್ಗೆ ದಕ್ಕೆಯಿಂದ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ ಕಾವಲಿಯ ಮೇಲೆ ಇರುತ್ತದೆ. ದಕ್ಕೆ ಅಂದರೆ ಬಂದರಿನಲ್ಲಿ ದೋಣಿಗಳು ಮೀನು ಇಳಿಸುವ ಜಾಗ. ಕಾಲವೂ ಚೆನ್ನಾಗಿದೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಹೋಟೆಲಿನಲ್ಲಿ ಸಿಗುವುದು ಸಣ್ಣ ನಾಡದೋಣಿಯ ಸ್ವಲ್ಪ ಮೀನು, ಇಲ್ಲವೇ ಬೇರೆ ಕಡೆಯಿಂದ ಐಸ್‌ನಲ್ಲಿ ಬಂದದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರ ತನಕ. ಹಾಗಾಗಿ ಜೂನ್ ಮಧ್ಯದಿಂದ, ನಮ್ಮಲ್ಲಿ ಇನ್ನೂ ಬಂದ್ ಇದ್ದಾಗ, ಅಲ್ಲಿಯ ಮೀನು ಲಾರಿಯಲ್ಲಿ ಬರುತ್ತದೆ. ಜುಲೈನಲ್ಲಿ ಯಾರಾದರೂ ಕೇಳಿದರೆ ನಾನು ಕೋಳಿ ತಿನ್ನಿ ಅನ್ನುತ್ತೇನೆ. ನವೆಂಬರ್‌ಗೆ ಆ ಚಿಂತೆ ಇಲ್ಲ.

ಬಂದರು ಕಡೆಯ ಹೋಟೆಲ್ ನಾರಾಯಣ, ರಥಬೀದಿ ಹತ್ತಿರದ ಗಿರಿ ಮಂಜಾಸ್, ಎರಡೂ ಮೀನಿಗೆ ಹೆಸರಾದವು. ಹಂಪನಕಟ್ಟೆಯಿಂದ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ಜಾಗ ಚಿಕ್ಕದು, ಗದ್ದಲ ಇರುತ್ತದೆ, ಗೊತ್ತಿಲ್ಲದವರ ಜೊತೆ ಮೇಜು ಹಂಚಿಕೊಳ್ಳಬೇಕಾಗಬಹುದು. ಹನ್ನೆರಡೂವರೆಗೆ ಹೋದರೆ ಆರಾಮ. ಎರಡರ ಮೇಲೆ ಹೋದರೆ ಒಳ್ಳೆಯ ಮೀನು ಖಾಲಿಯಾಗಿರುತ್ತದೆ. ಸಮಾರೋಪ ಭಾಷಣ ಎಳೆಯುವ ಹಾಗಿದ್ದರೆ ಹಿಂದಿನ ಸಾಲಿನಲ್ಲಿ ಕೂತಿರಿ.

ಕೂತ ಕೂಡಲೇ ಅನ್ನ, ಮೀನು ಸಾರು, ಒಂದು ಪಲ್ಯ, ಉಪ್ಪಿನಕಾಯಿ ಬರುತ್ತದೆ. ಊಟ ಅಂದರೆ ಅಷ್ಟೇ. ಫ್ರೈ ಬೇರೆ ಹೇಳಬೇಕು. ಹಲವು ಮೀನು ಹೋಟೆಲುಗಳಲ್ಲಿ ಮಸಾಲೆ ಹಚ್ಚಿದ ಹಸಿ ಮೀನಿನ ದೊಡ್ಡ ತಟ್ಟೆಯನ್ನೇ ಮೇಜಿನ ಹತ್ತಿರ ತರುತ್ತಾರೆ. ಅವಸರ ಮಾಡಬೇಡಿ, ಚೆನ್ನಾಗಿ ನೋಡಿ. ಮಸಾಲೆಯ ಅಡಿಯಲ್ಲೂ ಮೀನಿನ ಮೈ ಬಿಗಿಯಾಗಿರಬೇಕು. ಹೊಟ್ಟೆಯ ಭಾಗ ಕಿತ್ತು ಹೋದ ಹಾಗಿದ್ದರೆ, ತಟ್ಟೆಯಲ್ಲಿ ನೀರು ಬಿಟ್ಟಿದ್ದರೆ ಬೇಡ. ಘಾಟು ವಾಸನೆ ಬರಬಾರದು. ಇವತ್ತು ಯಾವುದು ಬಂದಿದೆ ಅಂತ ಕೇಳಿ. ಈ ಒಂದು ಪ್ರಶ್ನೆ ಕೇಳಿದರೆ ಬಡಿಸುವವರ ಮುಖವೇ ಬದಲಾಗುತ್ತದೆ, ನಿಮಗೆ ಮೀನು ಗೊತ್ತು ಅಂತ. ದೊಡ್ಡ ಮೀನಿಗೆ ಸೈಜಿನ ಮೇಲೆ ರೇಟು. ಮೊದಲೇ ಕೇಳಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ, ಊರಿನವರೂ ಕೇಳುತ್ತಾರೆ.

ನಿಮಗೆ ನನ್ನ ಸಲಹೆ ಕಾಣೆ. ಉದ್ದಕ್ಕೆ, ತೆಳ್ಳಗೆ, ಬೆಳ್ಳಗೆ ಇರುವ ಮೀನು. ಹಿಸ್ಟಮಿನ್ ಜಾಸ್ತಿಯಾಗುವ ಬಂಗುಡೆ ಜಾತಿಗೆ ಸೇರಿದ್ದಲ್ಲ. ಮುಳ್ಳಿಗೂ ಹೆದರಬೇಕಾಗಿಲ್ಲ. ಫ್ರೈಯನ್ನು ತಟ್ಟೆಯಲ್ಲಿ ಅಡ್ಡ ಇಟ್ಟುಕೊಂಡು ಬೆನ್ನಿನ ಗೆರೆಯ ಉದ್ದಕ್ಕೂ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ. ಮಾಂಸ ಎರಡು ಕಡೆಗೆ ಬಿಡಿಸಿಕೊಳ್ಳುತ್ತದೆ. ಆಮೇಲೆ ಬಾಲ ಹಿಡಿದು ಮೇಲಕ್ಕೆತ್ತಿದರೆ ನಡುಮುಳ್ಳು ಬಾಚಣಿಗೆಯ ಹಾಗೆ ಪೂರ್ತಿ ಬಂದುಬಿಡುತ್ತದೆ. ತವಾ ಮಸಾಲ ಫ್ರೈ ಹೇಳಿ. ರವಾ ಫ್ರೈಯಲ್ಲಿ ರವೆಯ ಗರಿಗರಿ ಚೆನ್ನಾಗಿರುತ್ತದೆ, ಆದರೆ ಮೀನಿನ ರುಚಿ ಹಿಂದೆ ಸರಿಯುತ್ತದೆ. ತವಾ ಫ್ರೈಯ ಅಡಿಯಲ್ಲಿ ಸೀದ ಹಾಗೆ ಅಂಟಿಕೊಂಡ ಮಸಾಲೆ ಇರುತ್ತದಲ್ಲ, ಅದನ್ನು ಅನ್ನಕ್ಕೆ ಕಲಸಿ ತಿನ್ನಿ. ನನ್ನ ಪಾಲಿಗೆ ಮೀನಿಗಿಂತ ಅದೇ ಮೇಲು.

ಬಂಗುಡೆ ಪುಳಿಮುಂಚಿ ಅಂತ ಪಟ್ಟಿಯಲ್ಲಿ ಕಾಣುತ್ತದೆ. ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು. ಕಾಯಿ ಹಾಕದೆ ಬರೀ ಹುಣಸೆ, ಮೆಣಸಿನ ದಪ್ಪ ಗಸಿ. ಬಹಳ ಒಳ್ಳೆಯ ಪದಾರ್ಥ. ಆದರೆ ಬಂಗುಡೆ ಮೇಲಿನ ಭಯ ಮೊದಲ ದಿನವೇ ಬಿಡಬೇಕಾಗಿಲ್ಲ. ಮುಂದಿನ ಸಲ ತಿನ್ನಿ. ಮರುವಾಯಿ, ಅಂದರೆ ಚಿಪ್ಪಿನ ಮಾಂಸ, ಸಿಗಡಿ ಇವು ಮೀನಿನ ಜಾತಿಯೇ ಅಲ್ಲ, ಅದರ ಅಲರ್ಜಿ ಬೇರೆ. ಮುಂಚೆ ತಿಂದು ಅಭ್ಯಾಸ ಇಲ್ಲದಿದ್ದರೆ ರಾತ್ರಿ ಬಸ್ ಹತ್ತುವ ದಿನ ಹೊಸದಾಗಿ ಶುರುಮಾಡಬೇಡಿ. ಅಕಸ್ಮಾತ್ ಗಂಟಲಲ್ಲಿ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ, ಬಾಳೆಹಣ್ಣು ನುಂಗುವ ಹಳೆಯ ಉಪಾಯ ಬೇಡ, ಮುಳ್ಳು ಇನ್ನೂ ಒಳಗೆ ಚುಚ್ಚಬಹುದು. ಚುಚ್ಚುವುದು ನಿಲ್ಲದಿದ್ದರೆ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿ.

ಊಟದ ಮಧ್ಯೆ ಯಾರಾದರೂ ಒಣಸ್ ಆಂಡಾ ಅಂತ ಕೇಳಿದರೆ ಊಟ ಆಯ್ತಾ ಅಂತ ಅರ್ಥ. ಎಡ್ಡೆ ಉಂಡು ಅಂತ ಹೇಳಿ, ಚೆನ್ನಾಗಿದೆ ಅಂತ. ತುಳುವಿನಲ್ಲಿ ಈ ಎರಡು ಪದ ಆಡಿದ್ದಕ್ಕೆ ಒಂದು ಸೌಟು ಸಾರು ಜಾಸ್ತಿ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ರಾತ್ರಿ ಬಸ್ಸಿಗೆ ಮುಂಚೆ ಎರಡು ಇಡ್ಲಿ, ಇಲ್ಲವೇ ಮಜ್ಜಿಗೆ ಅನ್ನ. ಮಧ್ಯಾಹ್ನ ಮೀನು, ಎಣ್ಣೆ ತಿಂದ ಹೊಟ್ಟೆಗೆ ರಾತ್ರಿ ಮತ್ತೆ ತುಂಬಿಸಿ ಘಾಟಿ ಹತ್ತಿದರೆ ವಾಂತಿ ಗ್ಯಾರಂಟಿ. ವಾಕರಿಕೆ ಬರುವವರಾದರೆ ಮುಂದಿನ ಸೀಟು ಹಿಡಿಯಿರಿ, ಕೈಯಲ್ಲಿ ಒಂದು ತುಂಡು ಒಣಶುಂಠಿ ಇರಲಿ.

ಮನೆಗೆ ಒಯ್ಯಲು ಕೋರಿ ರೊಟ್ಟಿಯ ಪ್ಯಾಕೆಟ್ ಕೊಳ್ಳಿ. ಒಣ ಪದಾರ್ಥ, ಗಾಳಿ ತಾಗದ ಹಾಗೆ ಇಟ್ಟರೆ ಕೆಡುವುದಿಲ್ಲ. ಬ್ಯಾಗಿನ ಒಳಗೆ ತುರುಕಬೇಡಿ, ಪುಡಿಯಾಗುತ್ತದೆ. ತೊಡೆಯ ಮೇಲೆ ಇಟ್ಟುಕೊಳ್ಳಿ. ಒಣಮೀನು ಬೇಕು ಅನ್ನಿಸಿದರೆ ಮೂರು ಕವರ್ ಸುತ್ತಿಸಿ, ಇಲ್ಲದಿದ್ದರೆ ಇಡೀ ಬಸ್ಸಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಸಾರು ಮಾಡುವಾಗ ಬ್ಯಾಡಗಿ ಮೆಣಸು, ಕೊತ್ತಂಬರಿ, ಸ್ವಲ್ಪ ಮೆಂತ್ಯ, ಜೀರಿಗೆ, ಕಾಳುಮೆಣಸು ಹುರಿದು, ಬೆಳ್ಳುಳ್ಳಿ, ಹುಣಸೆ ಸೇರಿಸಿ ನುಣ್ಣಗೆ ಅರೆಯಿರಿ. ತೆಂಗಿನ ಹಾಲನ್ನು ಕೊನೆಗೆ ಹಾಕಿ, ಹಾಕಿದ ಮೇಲೆ ಉರಿ ಸಣ್ಣ ಮಾಡಿ. ಜೋರು ಕುದಿಸಿದರೆ ಒಡೆಯುತ್ತದೆ. ಸಾರು ಸ್ವಲ್ಪ ತೆಳ್ಳಗೇ ಇರಲಿ, ರೊಟ್ಟಿ ಅದನ್ನು ಕುಡಿದುಬಿಡುತ್ತದೆ.

ಡಾಕ್ಟರು ಏನು ಹೇಳಿದರು ಅಂತ ಹೊರಡುವ ಮುಂಚೆ ಒಂದು ಸಾಲು ಬರೆಯಿರಿ. ಮೀನು ಬೇಡ ಅಂದಿದ್ದರೆ ಮೂರನೇ ಮಧ್ಯಾಹ್ನಕ್ಕೆ ನೀರುದೋಸೆ ಮತ್ತು ಕೋಳಿ ಸುಕ್ಕ ಎಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ಬರೆದು ಕಳಿಸುತ್ತೇನೆ.